ಟಿಪ್ಪುವಿಗೆ ಕಾಗದ ಬರೆದವನ ಖಾಲಿ ಗೋರಿ

ಜೇಮ್ಸ್‌ಟೌನ್, ಸೇಂಟ್ ಹೆಲೆನಾ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಪ್ಪ, ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ ಇಲ್ಲಿ ಸೆರೆಯಲ್ಲಿದ್ದ ವಿಷಯ ಕೇಳಿದ್ರಿ, ಅಷ್ಟರಲ್ಲಿ ಫೋನ್ ಕಟ್ ಆಯಿತು. ಅದಕ್ಕೇ ಈ ಕಾಗದ.

ಊರು ತೀರಾ ಸಣ್ಣದು. ಎರಡು ಬೋಳು ಗುಡ್ಡಗಳ ಸಂದಿಯಲ್ಲಿ ಉದ್ದಕ್ಕೆ ಮನೆಗಳು, ತುದಿಯಲ್ಲಿ ಸಮುದ್ರ. ದಕ್ಷಿಣ ಅಟ್ಲಾಂಟಿಕ್ ಸಾಗರದ ಈ ಇಡೀ ದ್ವೀಪವೇ 121 ಚದರ ಕಿಲೋಮೀಟರ್. ಆಫ್ರಿಕಾದ ಕರಾವಳಿ ಇಲ್ಲಿಂದ 1,800 ಕಿಲೋಮೀಟರ್‌ಗೂ ಜಾಸ್ತಿ ದೂರ. 1502ರಲ್ಲಿ ಪೋರ್ಚುಗೀಸರು ಬಂದಾಗ ಇಲ್ಲಿ ಯಾರೂ ಇರಲಿಲ್ಲ. 1659ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂದು ಕೋಟೆ ಕಟ್ಟಿತು. ಹೌದು, ನಮ್ಮಲ್ಲಿಗೆ ಬಂದ ಅದೇ ಕಂಪನಿ! ನಮ್ಮ ಕಡೆಯಿಂದ ಸರಕು ತುಂಬಿಕೊಂಡು ಹೊರಟ ಹಡಗುಗಳು ನೀರು, ತರಕಾರಿಗೆ ಇಲ್ಲಿ ನಿಲ್ಲುತ್ತಿದ್ದವು. 1869ರಲ್ಲಿ ಸೂಯೆಜ್ ಕಾಲುವೆ ಶುರುವಾಯಿತು. ಹಡಗುಗಳು ಆ ದಾರಿ ಹಿಡಿದವು, ಊರು ಸೊರಗಿತು.

ನಮ್ಮ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ 1805ರಲ್ಲಿ ಇಂಗ್ಲೆಂಡಿಗೆ ಹಿಂತಿರುಗುವಾಗ ಇಲ್ಲಿ ಇಳಿದಿದ್ದ. ತಂಗಿದ್ದು ಬ್ರೈಯರ್ಸ್ ಎಂಬಲ್ಲಿ. ಹತ್ತು ವರ್ಷದ ಮೇಲೆ ವಾಟರ್‌ಲೂನಲ್ಲಿ ಅವನ ಕೈಲಿ ಸೋತ ನೆಪೋಲಿಯನ್‌ನನ್ನು ಸೆರೆಯಾಗಿ ತಂದು ಮೊದಲು ಇಟ್ಟಿದ್ದೂ ಅಲ್ಲೇ! 1799ರಲ್ಲಿ ಈಜಿಪ್ಟಿನಿಂದ ಟಿಪ್ಪುವಿಗೆ ಕಾಗದ ಬರೆದವನು ಇವನೇ ಅಲ್ವಾ. ಆ ಕಾಗದ ದಾರಿಯಲ್ಲೇ ಬ್ರಿಟಿಷರ ಕೈ ಸೇರಿತು. ಟಿಪ್ಪುವಿನ ಶತ್ರುವಿಗೂ, ನೆಂಟನಾಗಲು ಹೊರಟವನಿಗೂ ಒಂದೇ ವಿಳಾಸ.

ಆಮೇಲೆ ನೆಪೋಲಿಯನ್‌ನನ್ನು ಲಾಂಗ್‌ವುಡ್ ಮನೆಗೆ ಸಾಗಿಸಿದರು. 1821ರ ಮೇ 5ರಂದು ಅಲ್ಲೇ ಸತ್ತ. ಗೋರಿ ಒಂದು ಕಣಿವೆಯಲ್ಲಿದೆ, ಮೇಲಿನ ಕಲ್ಲಿನಲ್ಲಿ ಹೆಸರಿಲ್ಲ. ಏನು ಕೆತ್ತಬೇಕು ಅಂತ ಫ್ರೆಂಚರಿಗೂ ಇಂಗ್ಲಿಷ್ ಗವರ್ನರಿಗೂ ಜಗಳವಾಗಿ ಹಾಗೇ ಬಿಟ್ಟರು. 1840ರಲ್ಲಿ ಶವವನ್ನು ಫ್ರಾನ್ಸಿಗೆ ಒಯ್ದರು. ಖಾಲಿ ಗೋರಿ ನೋಡೋಕೆ ಜನ ಇಷ್ಟು ದೂರ ಬರುತ್ತಾರೆ!

ನನ್ನ ಮನಸ್ಸಿಗೆ ನಾಟಿದ್ದು ಪಕ್ಕದ ರೂಪರ್ಟ್ಸ್ ಕಣಿವೆ. 1840ರಿಂದ ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳನ್ನು ಹಿಡಿದು, ಅದರಲ್ಲಿದ್ದ ಆಫ್ರಿಕನ್ನರನ್ನು ಅಲ್ಲಿ ಇಳಿಸುತ್ತಿತ್ತು. ಬಂದವರು 25,000ಕ್ಕೂ ಹೆಚ್ಚು. ಬಿಡುಗಡೆಯಾದರೂ ಸುಮಾರು 8,000 ಜನ ರೋಗ, ನಿತ್ರಾಣದಿಂದ ಅಲ್ಲೇ ಮಣ್ಣಾದರು. ವಿಮಾನ ನಿಲ್ದಾಣದ ಕೆಲಸಕ್ಕೆ ನೆಲ ಅಗೆದಾಗ 325 ಜನರ ಅಸ್ಥಿ ಸಿಕ್ಕವು. ಎಷ್ಟೋ ಮಕ್ಕಳವು. ಅವನ್ನು ಮತ್ತೆ ಮಣ್ಣು ಮಾಡಿದ್ದು 2022ರಲ್ಲಿ. ಅಷ್ಟು ವರ್ಷ ಪೆಟ್ಟಿಗೆಗಳಲ್ಲೇ ಇದ್ದವು. ಒಬ್ಬ ಚಕ್ರವರ್ತಿಯ ಖಾಲಿ ಗೋರಿಗೆ ಸಿಗುವ ಮರ್ಯಾದೆಯಲ್ಲಿ ಕಾಲು ಭಾಗವೂ ಇವರಿಗಿಲ್ಲ ಅಂತ ನನಗನ್ನಿಸುತ್ತದೆ.

ಜೇಕಬ್ಸ್ ಲ್ಯಾಡರ್ ಅಂತ 699 ಮೆಟ್ಟಿಲು ಊರಿನಿಂದ ಗುಡ್ಡದ ಮೇಲಿನ ಕೋಟೆಗೆ ನೆಟ್ಟಗೆ ಏರುತ್ತವೆ. 1829ರಲ್ಲಿ ಸಾಮಾನು ಎಳೆಯಲು ಹಳಿ ಹಾಕಿ ಮಾಡಿದ್ದು. ಅಮ್ಮಾ, ನೀನು ಚಾಮುಂಡಿ ಬೆಟ್ಟ ಹತ್ತಿದವಳು, ಆದರೂ ಇದನ್ನು ಹತ್ತುವಾಗ ಬೈದುಕೊಳ್ಳುತ್ತೀಯ. ಇಲ್ಲಿ ಜೋನಾಥನ್ ಅಂತ ಒಂದು ಆಮೆಯೂ ಇದೆ, ಗವರ್ನರ್ ಮನೆಯ ಅಂಗಳದಲ್ಲಿ. 1832ರ ಸುಮಾರಿಗೆ ಹುಟ್ಟಿದ್ದಂತೆ.

ಕಾಫಿ ಚೆನ್ನಾಗಿದೆ. 1733ರಲ್ಲಿ ಯೆಮನ್‌ನಿಂದ ಕಂಪನಿ ತರಿಸಿದ ಬೀಜದ್ದು. ನಮ್ಮ ಬಾಬಾ ಬುಡನ್ ತಂದರು ಅನ್ನುವುದೂ ಅಲ್ಲಿಂದಲೇ. ಆದರೆ ಬೆಲೆ ಕೇಳಿದರೆ ನೀನು ಕುಡಿಯಲ್ಲ. ಚಿಕೋರಿ ಸಿಗಲ್ಲ.

ಉಪ್ಪಿನಕಾಯಿ ಕಳಿಸಬೇಡಿ, ಸರಕು ಬರುವುದು ಹಡಗಿನಲ್ಲಿ, ಬಹಳ ತಡವಾಗುತ್ತದೆ. ಅಪ್ಪ, ನಿಮ್ಮ ಬಿಪಿ ಮಾತ್ರೆ ಬಿಡಬೇಡಿ. ಭಾನುವಾರ ಸಂಜೆ ಫೋನ್ ಮಾಡುತ್ತೇನೆ.

ನಿಮ್ಮ ಮಗಳು