ಪುಟ್ಟಿಗೆ, ಆ ಲಿಪ್ ಸರ್ವಿಸ್ ಮಾತಿನ ಬಗ್ಗೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದದ ಬೇರೆ ವಿಷಯಕ್ಕೆಲ್ಲ ನಿಧಾನವಾಗಿ ಉತ್ತರ ಬರೆಯುತ್ತೇನೆ. ಆ ಒಂದು ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. "ದೊಡ್ಡಮ್ಮ, ನೀವು ಧೈರ್ಯ ಹೇಳೋದೂ ಬರೀ ಲಿಪ್ ಸರ್ವಿಸ್ ಇರಬಹುದಾ?" ಅಂತ ಬರೆದು ಪಕ್ಕದಲ್ಲಿ ನಗುವ ಮುಖ ಹಾಕಿದ್ದೀಯ. ನನಗೆ ನಗು ಬರಲಿಲ್ಲ.

ನಿನ್ನ ಆಫೀಸಿನವರ ವಿಷಯ ಒಪ್ಪಿದೆ. ಕಣ್ಣು ಕಾಣದವರಿಗೂ ನಿಮ್ಮ ಆ್ಯಪ್ ಬಳಸಲು ಬರಬೇಕು ಅಂತ ನೀನು ಅಂದಾಗ ಎಲ್ಲರೂ ತಲೆಯಾಡಿಸಿದರು. ಆಮೇಲೆ ಹಣವೂ ಇಲ್ಲ, ಜನವೂ ಇಲ್ಲ. ಅದು ಲಿಪ್ ಸರ್ವಿಸ್ಸೇ, ಬರೀ ಬಾಯಿಮಾತಿನ ಬೆಂಬಲ. ಇಂಗ್ಲಿಷಿನಲ್ಲಿ 'ಪೇ ಲಿಪ್ ಸರ್ವಿಸ್ ಟು' ಅನ್ನುತ್ತಾರಲ್ಲ, ಆ 'ಟು' ಆದ ಮೇಲೆ ಬರುವುದು ಹೆಚ್ಚಾಗಿ ಯಾವುದಾದರೂ ದೊಡ್ಡ ವಿಚಾರ. ಸಮಾನತೆ, ಪರಿಸರ, ಅಂಥದ್ದು. ನಾಲ್ಕು ಜನರ ಮುಂದೆ ಅದನ್ನು ಹಾಡಿ ಹೊಗಳಿ, ಕೈಲಾಗುವುದನ್ನೂ ಮಾಡದೆ ಕೂರುವವರಿಗೆ ಈ ಮಾತು. ಮುಖಸ್ತುತಿ, ಮೊಸಳೆ ಕಣ್ಣೀರು ಇದಲ್ಲ, ಅವು ಬೇರೆ.

ಈ ದೂರು ಬೈಬಲ್ಲಿನಷ್ಟು ಹಳೆಯದು. ತುಟಿಯಲ್ಲಿ ದೇವರಿಗೆ ಗೌರವ, ಮನಸ್ಸು ಮಾತ್ರ ದೂರ ಅಂತ ಯೆಶಾಯ 29:13ರಲ್ಲಿದೆ. ಮತ್ತಾಯನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಅದನ್ನೇ ಎತ್ತಿ ಆಡುತ್ತಾನೆ. ಯಾರಿಗೆ ಗೊತ್ತಾ? ನಮ್ಮ ಹತ್ತಿರ ಇರುವುದೆಲ್ಲ ದೇವರಿಗೆ ಮೀಸಲು ಅಂತ ನೆಪ ಹೇಳಿ, ಹೆತ್ತವರಿಗೆ ಕೊಡಬೇಕಾದ್ದನ್ನು ಕೊಡದೆ ಉಳಿಸಿಕೊಳ್ಳುವುದನ್ನು ಸರಿ ಅನ್ನುತ್ತಿದ್ದವರಿಗೆ. ಬೈಗುಳ ಬಿದ್ದದ್ದು ಇದ್ದೂ ಕೊಡದವರ ಮೇಲೆ. ಏನೂ ಇಲ್ಲದವರ ಮೇಲಲ್ಲ.

ನನ್ನ ಹತ್ತಿರ ಏನಿದೆ ಪುಟ್ಟಿ, ನಿನಗೆ ಕೊಡಲಿಕ್ಕೆ? ಆ ಆಫೀಸಿನಲ್ಲಿ ನನ್ನ ಮಾತು ಯಾರು ಕೇಳುತ್ತಾರೆ?

ನಾನು ಕೆಲಸದಲ್ಲಿದ್ದಾಗ ಒಬ್ಬ ಮೇಲಧಿಕಾರಿ ಇದ್ದರು. ಹೆಂಗಸರು ಮುಂದೆ ಬರಬೇಕು ಅಂತ ಸಭೆಗಳಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರು! ಬಡ್ತಿಯ ಪಟ್ಟಿಯಲ್ಲಿ ನಮ್ಮ ಹೆಸರು ಮಾತ್ರ ಇರುತ್ತಿರಲಿಲ್ಲ. ಆ ಸಿಟ್ಟು ಈಗ ಇಳಿದಿದೆ. ಇಳಿಯದೇ ಇರುವುದು ಇನ್ನೊಂದು. ಪಕ್ಕದ ಮೇಜಿನವಳು ದಿನಾ "ನಿಮಗೆ ಅನ್ಯಾಯ ಆಗ್ತಿದೆ ಕಣ್ರೀ" ಅನ್ನುತ್ತಿದ್ದಳು. ಅವಳದು ತಾತ್ಕಾಲಿಕ ನೌಕರಿ. ಬಾಯಿ ತೆರೆದರೆ ಅವಳಿಗೇ ಕಷ್ಟ. ಮಾತಿಗೇನು ಖರ್ಚು ಅಂದುಕೊಂಡು ನಾನು ಅವಳ ಜೊತೆ ಮಾತು ಕಡಿಮೆ ಮಾಡಿದೆ. ಅಧಿಕಾರಿಯನ್ನೂ ಅವಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆ. ಅವಳು ಕೆಲಸ ಬಿಟ್ಟು ಹೋದಾಗ ವಿಳಾಸ ಕೂಡ ಕೇಳಲಿಲ್ಲ. ಇದನ್ನು ನಿನ್ನ ದೊಡ್ಡಪ್ಪನಿಗೂ ಹೇಳಿಲ್ಲ.

ಅದಕ್ಕೇ ನಿನ್ನ ಆ 'ಇರಬಹುದಾ' ನನ್ನನ್ನು ಹೆದರಿಸಿತು. ನನ್ನ ಮೇಲೆ ಅನುಮಾನ ಬಂದಿದ್ದಕ್ಕೆ ಬೇಜಾರಿಲ್ಲ. ಸ್ವಲ್ಪ ಇದೆ, ಇರಲಿ. ಆದರೆ ಆ ಮೀಟಿಂಗಿನ ಕೋಪದಲ್ಲಿ ಇನ್ನೂ ಯಾರ್ಯಾರನ್ನು ದೂರ ಇಡುತ್ತೀಯೋ ಅಂತ.

ಈಗಿನ ಆಫೀಸಿನ ರೀತಿ ನನಗೆ ಗೊತ್ತಿಲ್ಲ, ತಪ್ಪಿದ್ದರೆ ಬಿಟ್ಟುಬಿಡು. ತಲೆಯಾಡಿಸಿದವರಲ್ಲಿ ಒಬ್ಬೊಬ್ಬರನ್ನೇ ಹಿಡಿದು ಸಣ್ಣದೇನಾದರೂ ಕೇಳಿ ನೋಡಬಹುದಾ? ಒಂದು ಪುಟ ಪರೀಕ್ಷೆ ಮಾಡಿಕೊಡಿ, ಈ ವಾರ, ಅಂತ. ಆಗಲ್ಲ ಅಂದವರು ಯಾಕೆ ಆಗಲ್ಲ ಅಂದರು ಅನ್ನುವುದನ್ನೂ ಸ್ವಲ್ಪ ಕೇಳಿಸಿಕೋ. ಮತ್ತೆ, ಲಿಪ್ ಸರ್ವಿಸ್ ಅನ್ನುವ ಪದವನ್ನು ಮೇಲಿನವರಿಗೆ ಬರೆಯುವ ಮೇಲ್‌ನಲ್ಲಿ ಹಾಕಬೇಡ. ಅದು ಆರೋಪ, ಸುಮ್ನೆ ಜಗಳವಾಗುತ್ತದೆ.

ನಿನ್ನ ಯೋಜನೆಯ ಕರಡು ನನಗೂ ಕಳಿಸು. ಆ್ಯಪಿನ ಒಳಗಿನದು ತಿಳಿಯುವುದಿಲ್ಲ, ಆದರೆ ಎಲ್ಲಿ ಅರ್ಥವಾಗಲಿಲ್ಲ ಅಂತ ಗುರುತು ಹಾಕಿ ಕೊಡಬಲ್ಲೆ. ಅಕ್ಷರ ದೊಡ್ಡದಿರಲಿ.

ಇಂತಿ,
ನಿನ್ನ ದೊಡ್ಡಮ್ಮ