ಮುಧೋಳವೋ ಬಾರ್ಡರ್ ಕಾಲಿಯೋ: ಅಜಿಲಿಟಿಗೆ ನಾಯಿ ಹುಡುಕುತ್ತಿರುವ ಗೆಳೆಯನಿಗೆ

ಪ್ರಿಯ ಮಂಜು,

ಪತ್ರ ಓದಿದೆ. ಮುಧೋಳ ತರಲಾ, ಬಾರ್ಡರ್ ಕಾಲಿ ತರಲಾ ಅಂತ ಕೇಳಿದ್ದೀಯ. ತೋಟ ಕಾಯೋಕಾದರೆ ನಿನ್ನಿಷ್ಟ. ಅಜಿಲಿಟಿಗೆ, ಅಂದರೆ ಯಜಮಾನನ ಸನ್ನೆ ನೋಡಿ ನಾಯಿ ಅಡೆತಡೆ ದಾಟುತ್ತಾ ಓಡುವ ಆಟಕ್ಕೆ ಅಂತಲೇ ತರುವುದಾದರೆ ತಳಿಯ ಹೆಸರಿಗಿಂತ ಮೊದಲು ಒಂದು ವಿಷಯ ನೋಡಬೇಕು: ಓಡುತ್ತಿರುವಾಗಲೂ ನಾಯಿ ನಿನ್ನ ಮೇಲೊಂದು ಕಣ್ಣಿಟ್ಟಿರುತ್ತದಾ, ಇಲ್ಲವಾ. ಈ ಆಟದಲ್ಲಿ ನೇರ ಓಟ ಕಡಿಮೆ, ತಿರುವೇ ಹೆಚ್ಚು. ಅಂಗಳ 20ಕ್ಕೆ 40 ಮೀಟರ್, ನಮ್ಮ ಲೆಕ್ಕದಲ್ಲಿ ಎಂಟು ಗುಂಟೆ ಇಟ್ಟುಕೋ. ಅಷ್ಟರೊಳಗೆ 15ರಿಂದ 22 ಅಡೆತಡೆ. ನಾಯಿ ಪೂರ್ತಿ ವೇಗ ಹಿಡಿಯುವ ಮುಂಚೆಯೇ ತಿರುಗಬೇಕಾಗಿ ಬರುತ್ತದೆ, ಎತ್ತ ತಿರುಗಬೇಕು ಅನ್ನೋದನ್ನ ನಿನ್ನ ಭುಜ, ನಿನ್ನ ಪಾದ ನೋಡಿಯೇ ತಿಳಿಯಬೇಕು.

ಮುಧೋಳಕ್ಕೆ ಕಷ್ಟ ಆಗೋದು ಅಲ್ಲೇ. ಗಂಡು 70 ಸೆಂ.ಮೀ. ಆಸುಪಾಸು ಬೆಳೆಯುತ್ತದೆ. 60 ಸೆಂ.ಮೀ. ಜಂಪ್ ಅದಕ್ಕೆ ಯಾವ ಲೆಕ್ಕ? ಆದರೆ ಟನಲ್‌ನ ಬಾಯಿ 60 ಸೆಂ.ಮೀ. ಮಾತ್ರ, ಮೈ ಕುಗ್ಗಿಸಿಕೊಂಡು ನುಗ್ಗಬೇಕು. ವೀವ್, ಅಂದರೆ ನಾಯಿ ಹಾವಿನಂತೆ ನುಸುಳಿ ಹೋಗಬೇಕಾದ ಕಂಬಗಳ ನಡುವಿನ ಅಂತರವೂ 60 ಸೆಂ.ಮೀ., ಉದ್ದ ಕಾಲಿನ ನಾಯಿ ಅಲ್ಲಿ ತಡವರಿಸುತ್ತದೆ. ಮೇಲಾಗಿ ಅದು ಕಣ್ಣಿಂದ ಬೇಟೆಯಾಡುವ ಜಾತಿ. ಮೊಲದ ಬೆನ್ನು ಹತ್ತಿದ ಮೇಲೆ ಯಜಮಾನನ ಮುಖ ನೋಡುವ ಅಭ್ಯಾಸ ಅದರ ರಕ್ತದಲ್ಲೇ ಇಲ್ಲ. ಒಂದೇ ಕೆಲಸವನ್ನ ನಾಲ್ಕನೇ ಸಲ ಮಾಡಿಸಿದರೆ ಎದ್ದು ಹೋಗಿ ನೆರಳಲ್ಲಿ ಮಲಗುತ್ತದೆ. ಇಷ್ಟಾದರೂ ಅದೇ ಬೇಕು ಅಂದರೆ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ, ಅಲ್ಲಿ ವಿಚಾರಿಸು. ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆ ಕಟ್ಟಿ ಅಟ್ಟಿಸಿಕೊಂಡು ಹೋಗುವ ಆಟವನ್ನೇ ಬಹುಮಾನವಾಗಿ ಕೊಡು, ತಿಂಡಿಗಿಂತ ಅದಕ್ಕೆ ಅದೇ ಹೆಚ್ಚು. ದಿನಕ್ಕೆ ಮೂರು ನಾಲ್ಕು ಸಲ ಮಾಡಿಸಿ ನಿಲ್ಲಿಸಿಬಿಡು.

ಬಾರ್ಡರ್ ಕಾಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯಲ್ಲಿ ಕುರಿ ತಿರುಗಿಸೋಕೆ ಬೆಳೆಸಿದ ನಾಯಿ. ದೂರದಲ್ಲಿದ್ದೇ ಕುರುಬನ ಸನ್ನೆ ಓದಿ, ಬಗ್ಗಿ, ತಟ್ಟನೆ ತಿರುಗುವುದೇ ಅದರ ಕಸುಬು. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ, ಜನರಿಗೆ ಬೇಜಾರಾಗದಿರಲಿ ಅಂತ ಶುರುವಾದ ಈ ಆಟದ ದೊಡ್ಡ ನಾಯಿಗಳ ವಿಭಾಗವನ್ನ ಈಗ ಹೆಚ್ಚುಕಡಿಮೆ ಅದೇ ಆಳುತ್ತಿದೆ. ಆದರೆ ನಮ್ಮ ಕಡೆ ಅದಕ್ಕೆ ಎರಡು ಕಾಟ. ಒಂದು, ಕೆಲಸ ಕೊಡದಿದ್ದರೆ ಬೈಕು, ಸೈಕಲ್ಲು, ಪಕ್ಕದ ಮನೆ ಮಕ್ಕಳು, ಎಲ್ಲವನ್ನೂ ಕುರಿ ಅಂದುಕೊಂಡು ಸುತ್ತುಗಟ್ಟುತ್ತದೆ. ಇನ್ನೊಂದು, ಈ ತಳಿಯ ಕೆಲವು ನಾಯಿಗಳಿಗೆ ಐದರಿಂದ ಹದಿನೈದು ನಿಮಿಷದ ಬಿರುಸಿನ ಓಟದ ನಂತರ, ಅದರಲ್ಲೂ ಸೆಕೆಯಲ್ಲಿ, ಹಿಂಗಾಲು ಎಳೆದುಕೊಂಡು ತೂರಾಡಿ ಕುಸಿಯುವ ಕಾಯಿಲೆ ಇದೆ. ಮರಿಯ ಅಪ್ಪ-ಅಮ್ಮನಿಗೆ ಹೀಗೆ ಆಗಿದೆಯಾ ಅಂತ ಕೇಳಲೇಬೇಕು. ಸೊಂಟದ ಎಕ್ಸ್‌ರೇ, ಕಣ್ಣಿನ ತಪಾಸಣೆ ತೋರಿಸು ಅನ್ನು. ‘ಚಾಂಪಿಯನ್ ಬ್ಲಡ್‌ಲೈನ್ ಸಾರ್’ ಅಂತ ಹೇಳಿ ಎಕ್ಸ್‌ರೇ ಮಾತು ತೇಲಿಸಿದರೆ ಟೀ ಕುಡಿದು ವಾಪಸ್ ಬಾ.

ಶೆಲ್ಟಿ, ಅಂದರೆ ಶೆಟ್ಲೆಂಡ್ ಶೀಪ್‌ಡಾಗ್ ಸಿಕ್ಕರೆ ಒಂದು ಎಚ್ಚರ. ಕಾಲಿ ಕುಲದ ಕೆಲವು ನಾಯಿಗಳಿಗೆ ಎಂಡಿಆರ್1 ಅನ್ನೋ ವಂಶವಾಹಿ ದೋಷ ಇರುತ್ತದೆ, ರಫ್ ಕಾಲಿಯಲ್ಲಂತೂ ಬಹಳ. ಅಂಥ ನಾಯಿಗೆ ಉಣ್ಣಿ, ಕಜ್ಜಿ ಅಂತ ಐವರ್‌ಮೆಕ್ಟಿನ್ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಔಷಧ ಮಿದುಳಿಗೇ ಇಳಿಯುತ್ತದೆ. ನಮ್ಮಲ್ಲಿ ಈ ಇಂಜೆಕ್ಷನ್ ಸಲೀಸಾಗಿ ಚುಚ್ಚುತ್ತಾರೆ, ಡಾಕ್ಟರಿಗೆ ಮೊದಲೇ ಹೇಳಿಡು.

ನೀನು ಕೇಳದೇ ಇರುವ ಎರಡು ನಾಯಿಗಳ ಬಗ್ಗೆಯೂ ಹೇಳುತ್ತೇನೆ. ನಮ್ಮೂರುಗಳಲ್ಲಿ ಎಲ್ಲರೂ ಪಾಮೇರಿಯನ್ ಅಂತ ಕರೆಯುವ ಬಿಳಿ ನಾಯಿ ಬಹುತೇಕ ಇಂಡಿಯನ್ ಸ್ಪಿಟ್ಸ್. ಚುರುಕು, ತಲೆ ಇದೆ, ತಿಂಡಿಗೆ ಏನು ಬೇಕಾದರೂ ಮಾಡುತ್ತದೆ, ಹಾರಬೇಕಾದ ಎತ್ತರವೂ ಕಡಿಮೆ. ಬೊಗಳುವುದನ್ನ ಸಹಿಸಿಕೊಳ್ಳಬೇಕು. ಇನ್ನೊಂದು, ಬೀದಿ ನಾಯಿ. ಒಂದಳತೆಯ ಮೈ, ತೆಳು ಕೂದಲು, ಗಟ್ಟಿ ಪಾದ, ಸೆಕೆಗೆ ಒಗ್ಗಿದ ಜೀವ. ಅದಕ್ಕಿರೋ ದೊಡ್ಡ ಕೊರತೆ ಸದ್ದಿಗೆ, ಅಪರಿಚಿತರಿಗೆ ಹೆದರುವುದು. ಎಳೆಯ ಮರಿಯಾಗಿದ್ದಾಗಲೇ ತಂದು ಹತ್ತು ಕಡೆ ಓಡಾಡಿಸಿದರೆ ಅದೂ ಕಡಿಮೆಯಾಗುತ್ತದೆ. ನಾಯಿಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಸಿಐ ನಡೆಸುವ ವಿಶ್ವ ಚಾಂಪಿಯನ್‌ಷಿಪ್‌ಗೆ ವಂಶಾವಳಿ ಪತ್ರ ಬೇಕು ನಿಜ, ಆದರೆ ಮಿಶ್ರತಳಿಗೆ ಜಾಗ ಕೊಡುವ ಕೂಟಗಳೂ ಬೇಕಾದಷ್ಟಿವೆ. ಅಮೆರಿಕದ ವೆಸ್ಟ್‌ಮಿನ್‌ಸ್ಟರ್ ಅಜಿಲಿಟಿಯನ್ನ 2024ರಲ್ಲಿ ಗೆದ್ದದ್ದು ನಿಂಬಲ್ ಅನ್ನೋ ಬಾರ್ಡರ್ ಕಾಲಿ-ಪ್ಯಾಪಿಯಾನ್ ಮಿಶ್ರ.

ಲ್ಯಾಬ್ರಡಾರ್ ಆಗಬಹುದು, ಪಕ್ಕೆಲುಬು ಬೆರಳಿಗೆ ಸಿಗುವಷ್ಟು ತೆಳ್ಳಗಿಟ್ಟರೆ. ನಮ್ಮಲ್ಲಿ ಯಾರೂ ಇಡುವುದಿಲ್ಲ. ಬೀಗಲ್‌ಗೆ ಮೂಗು ನೆಲ ಬಿಟ್ಟು ಏಳುವುದಿಲ್ಲ. ಪಗ್, ಫ್ರೆಂಚ್ ಬುಲ್‌ಡಾಗ್ ಬೇಡ, ಉಸಿರು ಸಾಲದು. ಡ್ಯಾಷ್‌ಹಂಡ್ ಬೇಡ, ಬೆನ್ನುಮೂಳೆ ತಡೆಯದು.

ಎತ್ತರದ ಲೆಕ್ಕ ಮರಿ ತರುವ ಮುಂಚೆಯೇ ಮಾಡಬೇಕು. ಎಫ್‌ಸಿಐ ನಿಯಮದಲ್ಲಿ ಭುಜದ ಎತ್ತರ 35 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ಮಾಲ್, 43ಕ್ಕಿಂತ ಕಡಿಮೆ ಮೀಡಿಯಂ, 48ಕ್ಕಿಂತ ಕಡಿಮೆ ಇಂಟರ್‌ಮೀಡಿಯೆಟ್, ಅದರ ಮೇಲೆ ಲಾರ್ಜ್. ಸ್ಮಾಲ್‌ನ ಜಂಪ್ 25ರಿಂದ 30, ಲಾರ್ಜ್‌ನದು 55ರಿಂದ 60. ಅಂದರೆ 49 ಸೆಂ.ಮೀ. ನಾಯಿಯೂ 70 ಸೆಂ.ಮೀ. ನಾಯಿಯೂ ಹಾರೋದು ಒಂದೇ ಎತ್ತರ. ಅಪ್ಪ-ಅಮ್ಮ ಗಡಿಯ ಸ್ವಲ್ಪ ಮೇಲಿದ್ದರೆ ಮರಿಗೆ ಜೀವನಪೂರ್ತಿ ಕಷ್ಟ.

ಮರಿ ಆರಿಸುವಾಗ ಏಳೆಂಟು ವಾರದ ಮರಿಗಳ ಹಿಂದೆ ಒಂದು ಸ್ಟೀಲ್ ತಟ್ಟೆ ಬೀಳಿಸು. ಬೆಚ್ಚಲಿ, ತೊಂದರೆಯಿಲ್ಲ. ಕೆಲವೇ ಸೆಕೆಂಡಿನಲ್ಲಿ ಏನದು ಅಂತ ಮೂಸೋಕೆ ಬರುವ ಮರಿ ನಿನ್ನದು, ಮೂಲೆ ಸೇರಿ ಕೂತದ್ದು ಬೇರೆಯವರದು. ಚೆಂಡು ಉರುಳಿಸು. ಅಟ್ಟಿಸಿಕೊಂಡು ಹೋದರೆ ಸಾಲದು, ಕಚ್ಚಿಕೊಂಡು ನಿನ್ನ ಕಡೆ ಬರುತ್ತದಾ ನೋಡು. ಮುಂಗಾಲಿನ ಒಳಬದಿಯ ಮೇಲುಗುರು ತೆಗೆಸಬೇಡ, ಬಿಗಿಯಾಗಿ ತಿರುಗುವಾಗ ಅದು ನೆಲ ಹಿಡಿಯುತ್ತದೆ.

ಇನ್ನು ತರಬೇತಿ. ಮೊದಲ ವರ್ಷ ಜಂಪ್ ಮರೆತುಬಿಡು. ಎಲುಬಿನ ತುದಿಯ ಬೆಳೆಯುವ ಪದರ ಮಧ್ಯಮ ಗಾತ್ರದ ನಾಯಿಯಲ್ಲಿ 12-14 ತಿಂಗಳಿಗೆ, ದೊಡ್ಡದರಲ್ಲಿ 18 ತಿಂಗಳ ಹೊತ್ತಿಗೆ ಗಟ್ಟಿಯಾಗುತ್ತದೆ. ಬೇಗ ಸಂತಾನಹರಣ ಆಪರೇಷನ್ ಮಾಡಿಸಿದರೆ ಇನ್ನೂ ತಡ. ಅಲ್ಲಿಯವರೆಗೆ ಜಂಪ್‌ನ ಅಡ್ಡಪಟ್ಟಿ ನಾಯಿಯ ಮುಂಗಾಲಿನ ಮಣಿಕಟ್ಟಿನ ಎತ್ತರ ದಾಟಕೂಡದು. ಎಫ್‌ಸಿಐ ಕೂಟಗಳಲ್ಲಿ 18 ತಿಂಗಳ ಕೆಳಗೆ ಸ್ಪರ್ಧೆಗೇ ಬಿಡುವುದಿಲ್ಲ, ಅವಸರ ಯಾಕೆ? ಈ ಸಮಯದಲ್ಲಿ ಕಲಿಸಬೇಕಾದ್ದು ತನಗೆ ಹಿಂಗಾಲು ಅಂತ ಎರಡಿವೆ ಅನ್ನೋದು. ಬಹಳ ನಾಯಿಗಳಿಗೆ ಅದೇ ಗೊತ್ತಿರುವುದಿಲ್ಲ. ಏಣಿಯನ್ನ ನೆಲಕ್ಕೆ ಮಲಗಿಸಿ ಮೆಟ್ಟಿಲುಗಳ ನಡುವೆ ನಡೆಸು. ಗಟ್ಟಿ ಮಣೆಯ ಮೇಲೆ ಮುಂಗಾಲು ಇಡಿಸಿ, ಹಿಂಗಾಲು ಮಾತ್ರ ಸುತ್ತ ತಿರುಗುವಂತೆ ಮಾಡು. ಆಮೇಲೆ ಬರಿ ನೆಲದ ಮೇಲೆ ನಿನ್ನ ಎಡಕ್ಕೆ, ಬಲಕ್ಕೆ ಓಡುವುದು, ನೀನು ತಿರುಗಿದಾಗ ನಿನ್ನ ಇನ್ನೊಂದು ಬದಿಗೆ ಬರುವುದು.

ಕಾಂಟ್ಯಾಕ್ಟ್, ಅಂದರೆ ನಾಯಿ ಪಾದ ತಾಗಿಸಲೇಬೇಕಾದ ಹಲಗೆಯ ತುದಿಯ ವಿಷಯಕ್ಕೆ ಬರೋಣ, ಅರ್ಧಕ್ಕರ್ಧ ಸ್ಪರ್ಧೆ ಕೈಬಿಟ್ಟುಹೋಗೋದು ಇಲ್ಲೇ. ಡಾಗ್ ವಾಕ್ ಅಂದರೆ ಹತ್ತಿ, ನಡೆದು, ಇಳಿಯುವ ಸೇತುವೆ, 30 ಸೆಂ.ಮೀ. ಅಗಲದ ಮೂರು ಹಲಗೆ, ಎತ್ತರ 1.20ರಿಂದ 1.30 ಮೀಟರ್. ಎ-ಫ್ರೇಮ್ ಅಂದರೆ ‘A’ ಆಕಾರದಲ್ಲಿ ಆನಿಸಿಟ್ಟ ಎರಡು ಹಲಗೆ, ಎತ್ತರ 1.70 ಮೀಟರ್. ಎರಡರ ತುದಿಯಲ್ಲೂ ಬೇರೆ ಬಣ್ಣ ಬಳಿದ ಭಾಗ ಇರುತ್ತದೆ: ಡಾಗ್ ವಾಕ್‌ಗೆ 90 ಸೆಂ.ಮೀ., ಎ-ಫ್ರೇಮ್‌ಗೆ 106. ಇಳಿಯುವಾಗ ಅಲ್ಲಿ ಒಂದು ಪಾದವಾದರೂ ತಾಗದಿದ್ದರೆ 5 ಅಂಕ ದಂಡ. ಹಲಗೆಯನ್ನ ಎತ್ತರಕ್ಕೆ ಏರಿಸಿ ಕಲಿಸೋಕೆ ಹೋಗಬೇಡ, ಕೊನೆಯಿಂದ ಶುರು ಮಾಡು. ಒಂದು ಹಲಗೆ ನೆಲದ ಮೇಲೆ ಹಾಕು. ಮುಂಗಾಲು ಎರಡೂ ನೆಲದಲ್ಲಿ, ಹಿಂಗಾಲು ಎರಡೂ ಹಲಗೆಯ ಮೇಲೆ ಇರುವಂತೆ ನಿಂತಾಗ ತಿಂಡಿಯನ್ನ ಮುಂಗಾಲುಗಳ ನಡುವೆ ನೆಲದ ಮೇಲೆಯೇ ಇಡು. ಕೈ ಎತ್ತಿ ಕೊಟ್ಟರೆ ತಲೆ ಮೇಲೇಳುತ್ತದೆ, ತಲೆ ಎದ್ದರೆ ಹಿಂಗಾಲು ಜಾರುತ್ತದೆ. ನಿಲ್ಲುವುದು ಗಟ್ಟಿಯಾದ ಮೇಲೆ ನೀನು ಪಕ್ಕಕ್ಕೆ ಸರಿ, ಮುಂದೆ ಓಡು, ಬೆನ್ನು ಹಾಕು. ನಾಯಿ ಕದಲಬಾರದು. ಆಮೇಲೆ ಹಲಗೆಯ ಇನ್ನೊಂದು ತುದಿಗೆ ಒಂದು ಇಟ್ಟಿಗೆ, ಮುಂದಿನ ವಾರ ಎರಡು. ಸ್ಪರ್ಧೆಯಲ್ಲಿ ಕೆಡುವುದು ಯಾಕೆ ಗೊತ್ತಾ? ಅಭ್ಯಾಸದಲ್ಲಿ ‘ಬಾ’ ಅನ್ನುವವರೆಗೆ ನಿಲ್ಲಿಸಿ, ಸ್ಪರ್ಧೆಯಲ್ಲಿ ಮಾತ್ರ ಯಜಮಾನ ನಿಲ್ಲದೆ ಓಡುತ್ತಾನೆ. ಎರಡು ಸ್ಪರ್ಧೆ ಹೀಗೆ ಮಾಡಿದರೆ ನಾಯಿ ಹೊಸ ನಿಯಮ ಕಲಿತುಬಿಡುತ್ತದೆ.

ಸೀ-ಸಾ ಹಲಗೆ ಅರ್ಧ ಭಯ, ಅರ್ಧ ಸದ್ದು. ಮೊದಲು ಅದರ ತೂಗು ಸರಿಯಿದೆಯಾ ನೋಡು: ಇಳಿಯುವ ಕಡೆಯ ಬಣ್ಣದ ಭಾಗದ ನಡುವೆ 1 ಕೆ.ಜಿ. ಇಟ್ಟರೆ ಎರಡರಿಂದ ಮೂರು ಸೆಕೆಂಡಿನಲ್ಲಿ ನೆಲ ಮುಟ್ಟಬೇಕು. ಕಲಿಸುವಾಗ ತುದಿ ಬೀಳುವ ಕಡೆ ಎರಡು ಗೋಣಿಚೀಲ ಮಡಚಿಹಾಕಿ, ಅದರ ಕೆಳಗೆ ಇಟ್ಟಿಗೆ ಜೋಡಿಸು, ಹಲಗೆ ನಾಲ್ಕು ಬೆರಳಷ್ಟೇ ಬೀಳಲಿ. ನಾಯಿಯೇ ಪಂಜ ಊರಿ ಧಡ್ ಅನ್ನಿಸಬೇಕು, ಅನ್ನಿಸಿದ ತಕ್ಷಣ ತಿಂಡಿ. ಸದ್ದು ತನ್ನ ಕೈಯಲ್ಲಿದೆ ಅಂತ ಗೊತ್ತಾದ ನಾಯಿಗೆ ಹೆದರಿಕೆ ಇಲ್ಲ. ಇಟ್ಟಿಗೆ ಒಂದೊಂದೇ ತೆಗಿ, ಕೊನೆಗೆ ಗೋಣಿಯನ್ನೂ. ಒಮ್ಮೆ ಹಲಗೆಯಿಂದ ಪಕ್ಕಕ್ಕೆ ಬಿದ್ದರೆ ತಿಂಗಳುಗಟ್ಟಲೆ ಹಿಂದಕ್ಕೆ ಹೋಗುತ್ತೀಯ, ಹಾಗಾಗಿ ಬೀದಿ ಮರಿಯಾದರೆ ಇಲ್ಲಿ ದುಪ್ಪಟ್ಟು ನಿಧಾನ.

ವೀವ್ ಕಂಬ 12. ಒಂದಿಂಚಿನ ಪಿವಿಸಿ ಪೈಪನ್ನ 1 ಮೀಟರಿಗೆ ಕತ್ತರಿಸು, ನೆಲಕ್ಕೆ ಕಬ್ಬಿಣದ ಸರಳು ಹೊಡೆದು ಅದಕ್ಕೆ ತೊಡಿಸು. ಮೊದಲ ಕಂಬ ನಾಯಿಯ ಎಡಭುಜಕ್ಕೆ ಬರುವಂತೆ ಒಳಹೋಗಬೇಕು, ಇದಕ್ಕೆ ವಿನಾಯಿತಿ ಇಲ್ಲ. ಎರಡೇ ಕಂಬದಿಂದ ಶುರು ಮಾಡಿ ಎದುರಿನಿಂದ, ಎಡದಿಂದ, ಬಲದಿಂದ, ಯಾವ ಕಡೆಯಿಂದ ಬಿಟ್ಟರೂ ಸರಿಯಾದ ಬಾಗಿಲು ಹುಡುಕಿಕೊಳ್ಳಲಿ. ಆಮೇಲೆ ನಾಲ್ಕು, ಆರು. ಬಹುಮಾನ ಯಾವಾಗಲೂ ಕಂಬಗಳ ಸಾಲಿನ ನೇರಕ್ಕೆ ಮುಂದೆ ಎಸಿ. ಕೈಯಿಂದ ಕೊಟ್ಟರೆ ನಿನ್ನ ಮುಖ ನೋಡುತ್ತಾ ಕಂಬ ತಪ್ಪಿಸುತ್ತದೆ. ಹತ್ತನೇ ಕಂಬದಲ್ಲಿ ಹೊರಬರುವ ನಾಯಿಯನ್ನ ಬೈಯುವ ಮೊದಲು ವಿಡಿಯೋ ನೋಡು. ಹತ್ತರಲ್ಲಿ ಒಂಬತ್ತು ಸಲ ಯಜಮಾನನೇ ಮುಂದಿನ ಜಂಪ್ ಕಡೆ ಭುಜ ತಿರುಗಿಸಿರುತ್ತಾನೆ. ಬೆನ್ನು ಪೂರ್ತಿ ಬಳಸುವ ಕೆಲಸ ಇದು, ಒಂದು ವರ್ಷದ ಮೇಲೆಯೇ ಇರಲಿ.

ಜಂಪ್ ಪಟ್ಟಿ ಬೀಳಿಸುವುದಕ್ಕೂ ಕಾರಣ ಬಹಳ ಸಲ ನಾವೇ. ಕಾಲು ನೆಲ ಬಿಟ್ಟ ಮೇಲೆ ಹೆಸರು ಕೂಗಿದರೆ ಗಾಳಿಯಲ್ಲೇ ತಿರುಗೋಕೆ ನೋಡಿ ಹಿಂಗಾಲು ಇಳಿಬಿಡುತ್ತದೆ. ಏನು ಹೇಳುವುದಿದ್ದರೂ ನೆಗೆಯುವ ಮೊದಲು ಹೇಳು. ಚೆನ್ನಾಗಿ ಹಾರುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಬೀಳಿಸತೊಡಗಿದರೆ ನೋವಿದೆ ಅಂದುಕೋ, ಡಾಕ್ಟರಿಗೆ ತೋರಿಸು. ಪಟ್ಟಿಯನ್ನ ಯಾವತ್ತೂ ಕಟ್ಟಬೇಡ, ತಾಗಿದರೆ ಬೀಳಲೇಬೇಕು. ಮಾತನ್ನ ಕನ್ನಡದಲ್ಲೇ ಕಲಿಸು, ನಾಯಿಗೇನೂ ತಕರಾರಿಲ್ಲ. ‘ಹಾರು’, ‘ಹತ್ತು’ ಎರಡನ್ನೂ ಮಾತ್ರ ಇಟ್ಟುಕೊಳ್ಳಬೇಡ, ಓಟದ ರಭಸದಲ್ಲಿ ಅದಕ್ಕೆ ಕೇಳೋದು ‘ಹ’ ಒಂದೇ.

ನಿನ್ನ ಹೊಲದ ರಾಗಿ ಕೂಳೆ ಪಾದಕ್ಕೆ ಚುಚ್ಚುತ್ತದೆ, ನೆಗ್ಗಿಲ ಮುಳ್ಳು ಇನ್ನೂ ಕೆಟ್ಟದ್ದು. ಒಂದು ಭಾಗ ಉತ್ತು ಹುಲ್ಲು ಬೆಳೆಸು. ಬಿಸಿಲಲ್ಲಿ ಗಟ್ಟಿಯಾದ ಕೆಂಪು ಮಣ್ಣಿನ ಮೇಲೆ ಹಾರಿಸಿದರೆ ಭುಜ ಹೋಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸು. ಐದು ನಿಮಿಷ ನಡಿಗೆ, ನಿಧಾನ ಓಟ, ಎರಡೂ ಕಡೆ ಸುತ್ತು, ಆಮೇಲೆ ಕೆಲಸ, ಅದೂ ಐದೆಂಟು ನಿಮಿಷ. ವಾರಕ್ಕೆ ಮೂರ್ನಾಲ್ಕು ದಿನ ಸಾಕು. ನಾಲಿಗೆ ಅಗಲವಾಗಿ ಜೋತುಬಿದ್ದು, ಕರೆದರೂ ಗಮನ ಕೊಡದಿದ್ದರೆ ಅಲ್ಲೇ ನಿಲ್ಲಿಸಿ ಮೈಮೇಲೆಲ್ಲ ನೀರು ಹೊಯ್ದು ಗಾಳಿ ಹಾಕು, ಆಸ್ಪತ್ರೆಗೆ ಹೊರಡೋದು ಅದಾದ ಮೇಲೆ.

ರಿಂಗಿನೊಳಗೆ ತಿಂಡಿ, ಚೆಂಡು ಒಯ್ಯುವಂತಿಲ್ಲ. ಅದಕ್ಕೇ ಆರು ತಿಂಗಳು ಮುಂಚಿನಿಂದಲೇ ಬಹುಮಾನವನ್ನ ಹೊರಗಿನ ಡಬ್ಬಿಯಲ್ಲಿಟ್ಟು, ಕೆಲಸ ಮುಗಿಸಿ ಇಬ್ಬರೂ ಅಲ್ಲಿಗೆ ಓಡುವ ರೂಢಿ ಮಾಡು. ಪಟ್ಟಿ ಬಿದ್ದರೆ 5, ಅಡೆತಡೆಯ ಮುಂದೆ ನಿರಾಕರಿಸಿದರೆ 5, ಮೂರನೇ ನಿರಾಕರಣೆಗೆ ಆಟ ಮುಗಿಯಿತು, ದಾರಿ ತಪ್ಪಿದರೂ ಅಷ್ಟೇ. ನೀನು ಹೋಗುವ ಕೂಟ ಯಾರ ನಿಯಮ ಹಿಡಿದಿದೆ ಅಂತ ಮೊದಲೇ ಕೇಳು, ಅಮೆರಿಕದ ಎತ್ತರಗಳೇ ಬೇರೆ.

ಮರಿ ನೋಡೋಕೆ ಹೋದಾಗ ತಾಯಿ ನಾಯಿಯನ್ನ ಸಡಿಲ ಹಗ್ಗದಲ್ಲಿ ನಿಧಾನವಾಗಿ ಓಡಿಸಲು ಹೇಳಿ, ಪಕ್ಕದಿಂದೊಂದು, ಹಿಂದಿನಿಂದೊಂದು ವಿಡಿಯೋ ತೆಗೆದು ಕಳಿಸು. ಫೋನನ್ನ ನಾಯಿಯ ಎತ್ತರಕ್ಕೆ ಇಳಿಸಿ ತೆಗಿ ಮಾರಾಯ. ನಿಂತುಕೊಂಡು ಮೇಲಿನಿಂದ ತೆಗೆದರೆ ಹಿಂಗಾಲು ಹೇಗೆ ಬೀಳುತ್ತಿದೆ ಅಂತ ಏನೂ ಕಾಣಲ್ಲ.

ಇಂತಿ ನಿನ್ನ,
ರಘು