ಹನ್ನೊಂದು ಗೆರೆಗಳ ರಾಜ್‌ಕುಮಾರ್

ನ್ಯೂರೆಂಬರ್ಗ್, ಜರ್ಮನಿ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಅಮ್ಮನ ಮೊಣಕಾಲು ನೋವು ಹೇಗಿದೆ? ಹಾಸನದಲ್ಲಿ ಮಳೆ ಹಿಡಿಯಿತೇ?

ಪೆನ್ಸಿಲ್ಲಿನಲ್ಲಿ ಹನ್ನೊಂದೇ ಗೆರೆ ಎಳೆದು ನಾನು ಬರೆದ, ಮೊಬೈಲಿಗೆ ಕಳಿಸಿದ ನಟ ರಾಜ್‌ಕುಮಾರ್ ಅವರ ಚಿತ್ರ ನೋಡಿ ನೀವು, “ಚೆನ್ನಾಗಿದೆ, ಯಾವಾಗ ಮುಗಿಸುತ್ತೀಯ?” ಎಂದು ಕೇಳಿದಿರಿ. ಅಪ್ಪ, ಅದು ಮುಗಿದಿದೆ. ಫೋನಿನಲ್ಲಿ ಹೇಳಲು ಮಾತು ಸಿಗಲಿಲ್ಲ, ಅದಕ್ಕೇ ಈ ಕಾಗದ.

ನೀವು ಸಿನಿಮಾ ಬ್ಯಾನರ್ ಬರೆಯುತ್ತಿದ್ದುದನ್ನು ನೋಡಿಯೇ ನಾನು ಬೆಳೆದದ್ದು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕ ಹಾಕಿ, ಅಂಗೈಯಗಲದ ಫೋಟೋವನ್ನು ಗೋಡೆಯಷ್ಟು ಹಿಗ್ಗಿಸುತ್ತಿದ್ದಿರಿ. ಕೆನ್ನೆಗೆ ಗುಲಾಬಿ, ಕತ್ತಿನ ನೆರಳಿಗೆ ನೀಲಿ. ಬಿ.ಎಂ. ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ಮುಖ ಕಾಣಬೇಕು ಎನ್ನುತ್ತಿದ್ದಿರಿ. ಟರ್ಪೆಂಟೈನ್ ವಾಸನೆ ಇವತ್ತಿಗೂ ನನಗೆ ಮನೆಯ ವಾಸನೆ.

ಮೊದಲ ಸಲ ನಾನೂ ಕೂದಲಿನ ಎಳೆ ಎಳೆಯನ್ನು ಬರೆದೆ. ಯಾರೋ ಸಭ್ಯ ಗೃಹಸ್ಥರು ಬಂದು ಕೂತಂತಾಯಿತು, ರಾಜ್‌ಕುಮಾರ್ ಬರಲಿಲ್ಲ. ಆಮೇಲೆ ನೀವು ಕಲಿಸಿದಂತೆ ಕಣ್ಣು ಕಿರಿದು ಮಾಡಿ ಫೋಟೋ ನೋಡಿದೆ. ಒಂದೇ ಕಡೆಯಿಂದ ಬೆಳಕು ಬಿದ್ದ ಕಪ್ಪುಬಿಳುಪು ಫೋಟೋ. ಬೆಳಕಿನ ಕೆನ್ನೆ ಬಿಳಿ ಕಾಗದದಲ್ಲಿ ಆಗಲೇ ಇತ್ತು, ಬರೆಯುವ ಅಗತ್ಯವಿರಲಿಲ್ಲ. ಎದ್ದು ಕಂಡದ್ದು ಮೂಗು. ಹುಬ್ಬಿನ ನಡುವಿನಿಂದ ಇಳಿದು ತುದಿಯಲ್ಲಿ ತಿರುಗುವ ಆ ನೀಳ ಮೂಗನ್ನು ಪೆನ್ಸಿಲ್ ಎತ್ತದೆ ಬರೆಯಲು ಮೂರು ವಾರ ಹಿಡಿಯಿತು. ಅದು ಕೂತ ಮೇಲೆ ಮೀಸೆಗೆ ಒಂದು, ತುಟಿಗೆ ಒಂದು, ಹುಬ್ಬಿಗೆ ಎರಡು, ಕ್ರಾಪಿಗೆ ಎರಡು, ದವಡೆಗೆ, ಕಾಲರಿಗೆ ಒಂದೊಂದು.

ಇದು ಪೆನ್ಸಿಲ್ಲಿನ ಸೀಮೆ ಅಪ್ಪ. ಪಕ್ಕದ ಸ್ಟೈನ್ ಊರಿನ ಫೇಬರ್ ಕ್ಯಾಸ್ಟೆಲ್ ಕಂಪನಿ ಶುರುವಾದದ್ದು 1761ರಲ್ಲಿ. ಕಡ್ಡಿಯೊಳಗಿರುವುದು ಸೀಸವಲ್ಲ, ಗ್ರಾಫೈಟ್ ಮತ್ತು ಜೇಡಿಮಣ್ಣು. ಜೇಡಿ ಹೆಚ್ಚಿದ್ದರೆ ಗೆರೆ ತೆಳು. ಕಾಲರಿಗೆ ಅಂಥ 2ಎಚ್ ಪೆನ್ಸಿಲ್. ಗ್ರಾಫೈಟ್ ಹೆಚ್ಚಿದ್ದರೆ ಮೆತ್ತಗೆ, ಕಪ್ಪಗೆ; ಮೀಸೆಗೆ 6ಬಿ.

ಕಣ್ಣೆಲ್ಲಿ ಎಂದೂ ಕೇಳಿದಿರಿ. ರೆಪ್ಪೆಯ ಎರಡು ಗೆರೆಗಳಿವೆ, ಗುಡ್ಡೆಗಳಿಲ್ಲ. ಎರಡು ಸಲ ಬರೆದು ಎರಡು ಸಲವೂ ಅಳಿಸಿದೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಶಿವನಿಗೆ ಕಣ್ಣು ಕೊಟ್ಟ ಬೇಡನಾಗಿ ನಾಯಕರಾದವರು, 2006ರ ಏಪ್ರಿಲ್ 12ರಂದು ಹೊರಟಾಗ ನಿಜವಾಗಿಯೂ ಕಣ್ಣು ಕೊಟ್ಟು ಹೋದರು. ಆ ರಾತ್ರಿ ನೀವು ಬ್ರಷ್ಷು ತೊಳೆಯದೆ ಹಾಗೆಯೇ ಕೂತಿದ್ದಿರಿ. ಮುಂದಿನ ತಿಂಗಳು ನೇತ್ರದಾನದ ಅರ್ಜಿಗೆ ಸಹಿ ಹಾಕಿ ಬಂದಿರಿ. ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಅದೆಲ್ಲ ನೆನಪಿದ್ದ ಮೇಲೆ ಆ ಜಾಗವನ್ನು ತುಂಬಲು ನನಗೆ ಮನಸ್ಸು ಬರಲಿಲ್ಲ.

ಮೂಲ ಚಿತ್ರವನ್ನು ಎರಡು ರಟ್ಟುಗಳ ನಡುವೆ ಇಟ್ಟು ಇದರೊಂದಿಗೇ ಕಳಿಸುತ್ತಿದ್ದೇನೆ. ಬೆರಳು ತಾಗಿಸಬೇಡಿ, ಮೀಸೆ ಕದಡುತ್ತದೆ. ಕಟ್ಟು ಹಾಕಿಸುವ ಮೊದಲು ಗೋಡೆಗೆ ಒರಗಿಸಿ, ಬ್ಯಾನರ್ ನೋಡುತ್ತಿದ್ದಂತೆ ಹಿಂದೆ ಸರಿದು ನೋಡಿ. ದವಡೆಯ ಗೆರೆ ಬೇಕೋ ಬೇಡವೋ ನನಗೆ ತೀರ್ಮಾನವಾಗಿಲ್ಲ. ಬೇಡವೆನಿಸಿದರೆ ನೀವೇ ತೆಗೆಯಿರಿ. ಮೆತ್ತನೆಯ ರಬ್ಬರೊಂದನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ.

ಇಂತಿ,
ನಿಮ್ಮ ಮಗಳು